ಹಿತ್ತಿಲ ತಗಡಿನ ಬಾಗಿಲು

ಕುಮಟೆಯಲ್ಲಿದ್ದ ನಮ್ಮ ಅತ್ತೆಯ ಹಳೇ ಮನೆಯನ್ನು ಈ ಬೇಸಿಗೆಯಲ್ಲಿ ಕೆಡವಿದರು. ಹಿತ್ತಿಲ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ತಗಡಿನ ಬಾಗಿಲೊಂದಿತ್ತು. “ಅಜ್ಜ, ಇದು ಕೋಳಿಗೂಡಿಂದಾ?” ಎಂದು ಮೊಮ್ಮಗ ಕೇಳಿದ. ಸಂಡಾಸಿನದು ಎಂದರೆ ನಂಬಲೊಲ್ಲ.

ನಮ್ಮೂರು ಮಿರ್ಜಾನದಲ್ಲಿ ನಮಗೆ ಬಯಲಿಗೆ ಹೋಗಲು ಬೇಣವಿತ್ತು, ಹೊಳೆಬದಿಯಿತ್ತು. ಹೈಸ್ಕೂಲಿಗೆಂದು ಅತ್ತೆಯ ಮನೆ ಸೇರಿದ ಮೇಲೆಯೇ ಪೇಟೆಯ ಏರ್ಪಾಡು ಕಂಡದ್ದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು, ಆದರೆ ಪೇಟೆಯ ನಡವಳಿಕೆಯೆಲ್ಲ ಮುಂಬಯಿ ಸರ್ಕಾರದ ಕಾಲದ್ದೇ. ಮುಂಬಯಿ ನಗರದಲ್ಲಂತೂ ಮನೆಮನೆಯ ಮಲ ಎತ್ತಿಸುವ ಕೆಲಸಕ್ಕೆ ಹಲಾಲಖೋರ ತೆರಿಗೆ ಎತ್ತಲು 1888ರಲ್ಲೇ ಕಾಯ್ದೆಯಾಗಿತ್ತು.

ಹಿಂದಿನ ಸಂದಿಯಿಂದ ಒಬ್ಬ ಹೆಂಗಸು ಬಂದು, ಆ ತಗಡಿನ ಬಾಗಿಲು ತೆರೆದು, ಸಂಡಾಸಿನ ಡಬ್ಬ ಹೊರಗೆಳೆಯುತ್ತಿದ್ದಳು. ಅಷ್ಟು ಅಚ್ಚುಕಟ್ಟಿನ ಕೆಲಸವನ್ನು ನಾನು ಆಮೇಲೆ ಯಾವ ಕಚೇರಿಯಲ್ಲೂ ಕಾಣಲಿಲ್ಲ. ಮೊದಲು ಬುಟ್ಟಿಯ ತಳಕ್ಕೆ ದಪ್ಪಗೆ ಒಲೆಬೂದಿ. ಅದರ ಮೇಲೆ ಡಬ್ಬದ್ದು. ಮತ್ತೆ ಬೂದಿ, ಮೇಲೆ ಹಸಿ ಸೊಪ್ಪು. ತಗಡಿನ ಚೂರಿನಿಂದ ಡಬ್ಬ ಕೆರೆದು, ಫಿನಾಯಿಲ್ ನೀರು ಚೆಲ್ಲಿ, ಸದ್ದಾಗದಂತೆ ಬಾಗಿಲು ಒತ್ತುತ್ತಿದ್ದಳು. ಬಿಸಿ ಬೂದಿಯ ಮೇಲೆ ಫಿನಾಯಿಲ್ ಬಿದ್ದಾಗಿನ ಆ ವಾಸನೆ ನನಗೆ ಈಗಲೂ ಹೈಸ್ಕೂಲಿನ ದಿನಗಳ ವಾಸನೆ.

ಬೂದಿಗಾಗಿ ದಿನಾ ಚೌಕಾಸಿ.

“ಎರಡು ಮೊರ ಬೂದಿ ಹಾಕಿ ಅಮ್ಮ. ಇಲ್ದಿದ್ರೆ ಹೊರೂಕೆ ಆಗುದಿಲ್ಲ.”

“ಪಾತ್ರೆ ತಿಕ್ಕೂಕೆ ನಾನು ಎಂತ ಮಾಡ್ಲಿ?”

ಕೊನೆಗೆ ಒಂದೂವರೆ ಮೊರಕ್ಕೆ ಒಪ್ಪಂದ. ಅದನ್ನೂ ಅತ್ತೆ ದೂರದಿಂದಲೇ ಸುರಿಯುತ್ತಿದ್ದಳು.

ಆಗಿನ ಪೇಟೆ ಎಷ್ಟು ಚೊಕ್ಕವಿತ್ತು ಎಂದು ನನ್ನ ಓರಗೆಯವರು ಹೇಳುತ್ತಾರೆ. ಇತ್ತು, ಸುಳ್ಳಲ್ಲ. ಆದರೆ ಆಷಾಢದ ಬೆಳಗಿನ ಮಾತನ್ನು ಯಾರೂ ಎತ್ತುವುದಿಲ್ಲ. ಬೂದಿಯೆಲ್ಲ ಒದ್ದೆ, ಡಬ್ಬದೊಳಗೆ ಮಳೆನೀರು. ಆಕೆ ಕಂಬಳಿಕೊಪ್ಪೆಯನ್ನು ತನಗೆ ಹೊದೆಯದೆ ಬುಟ್ಟಿಗೆ ಮುಚ್ಚುತ್ತಿದ್ದಳು. ಆದರೂ ಸೋರುತ್ತಿತ್ತು. ಹಣೆಯಿಂದ ಇಳಿದದ್ದನ್ನು ತೋಳಿನಿಂದ ಒರೆಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು. ಇದನ್ನು ಬಿಟ್ಟು ಹೇಳಿದ ಚೊಕ್ಕತನ ನನಗೆ ಬೇಡ.

ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ಒಂದು ಆಜ್ಞೆಗಾಗಿ ಅವರನ್ನು ಮನೆಮನೆಯಲ್ಲೂ ನೆನೆಯಬೇಕಿತ್ತು. ಜನ ನೆನಪಿಟ್ಟುಕೊಂಡದ್ದು ಕನ್ನಡ ಸಾಹಿತ್ಯವನ್ನು ಬೂಸಾ ಎಂದರೆಂದು ಅವರ ಮೇಲೆ ಎದ್ದ 1973ರ ಗಲಾಟೆಯನ್ನು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಅದಾಗಿ ಹದಿನೇಳು ವರ್ಷದ ಮೇಲೆ, 2010ರ ಜುಲೈನಲ್ಲಿ, ಇದೇ ಕೆಲಸ ಮಾಡುತ್ತಿದ್ದ ಸವಣೂರಿನ ಭಂಗಿ ಕುಟುಂಬದವರು ತಮ್ಮನ್ನು ಮನೆಯಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಎಲ್ಲರೆದುರು ಮೈಗೆ ಮಲ ಸುರಿದುಕೊಂಡರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಆ ಜಾಗದಲ್ಲಿ ಮೂರು ಮಾಳಿಗೆ ಏಳಲಿದೆ. ಕಂತ್ರಾಟುದಾರ ನಕ್ಷೆ ತೋರಿಸಿದ. ಸಂಡಾಸಿನ ಹೊಂಡ ತೀರಾ ಹಿಂದೆ, ಹೀರುವ ಗಾಡಿಯ ಪೈಪು ಮುಟ್ಟದ ಮೂಲೆಯಲ್ಲಿ. ತುಂಬಿದಾಗ ಏನು ಮಾಡುವುದೆಂದು ಕೇಳಿದೆ. “ಜನ ಸಿಗ್ತಾರೆ ಬಿಡಿ” ಎಂದ. ಹೊಂಡಕ್ಕೆ ಹಾಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ ಎಂದರೆ ಸುಮ್ಮನೆ ನನ್ನ ಮುಖ ನೋಡಿದ. ಹೊಂಡವನ್ನು ರಸ್ತೆಬದಿಗೆ ತರುವವರೆಗೆ ಅವನಿಗೆ ಒಂದು ಕಾಸೂ ಕೊಡಬೇಡ ಎಂದು ಅತ್ತೆಯ ಮಗನಿಗೆ ಹೇಳಿ ಬಂದಿದ್ದೇನೆ.