ಸೋಜ ನದಿಯಿಂದ ಭದ್ರೆಯ ತೀರಕ್ಕೆ

ಉಜಿರೆಯಿಂದ ಹೊರಟ ಬಸ್ಸು ಚಾರ್ಮಾಡಿಯ ತಿರುವುಗಳನ್ನು ಒಂದೊಂದಾಗಿ ಏರಿ ಕೊಟ್ಟಿಗೆಹಾರವನ್ನು ಮುಟ್ಟುವಷ್ಟರಲ್ಲಿ ಕರಾವಳಿಯ ಬೆವರು ಆರಿ, ಮೈಗೆ ಮಲೆನಾಡಿನ ಚಳಿ ತಾಕಿರುತ್ತದೆ. ಅಲ್ಲಿಂದ ಮುಂದೆ ಮೂಡಿಗೆರೆಯ ಕಡೆಗೆ ಹೋದರೂ ಸರಿ, ಕಳಸದ ಕಡೆಗೆ ತಿರುಗಿದರೂ ಸರಿ, ದಾರಿಯ ಎರಡು ಮಗ್ಗುಲಲ್ಲಿಯೂ ಕಾಫಿಯ ತೋಟಗಳೇ. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ಅವುಗಳ ನೆರಳಿನಲ್ಲಿ ಕಾಫಿಯ ಗಿಡಗಳು ಸಾಲುಗಟ್ಟಿ ನಿಂತಿವೆ. ಗೌಡರು, ಹೆಗ್ಗಡೆಯವರು, ಶೆಟ್ಟರು ಎಂಬ ಹೆಸರುಗಳು ಈ ನೆಲಕ್ಕೆ ಸಹಜವಾದವು. ಯಾರೂ ಅವುಗಳನ್ನು ಎರಡನೆಯ ಬಾರಿ ಓದುವುದಿಲ್ಲ. ಆದರೆ ಅವುಗಳ ನಡುವೆ ಡಿಸೋಜ, ಪಿಂಟೋ, ಲೋಬೋ, ಸಲ್ಡಾನ್ಹಾ, ಫೆರ್ನಾಂಡಿಸ್ ಎಂಬ ಹೆಸರುಗಳೂ ಅಷ್ಟೇ ಸಲಿಗೆಯಿಂದ ಕುಳಿತಿರುತ್ತವೆ. ಹೊಸಬನು ಇವರನ್ನು ಪರದೇಶದವರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆ ಹೆಸರಿನವರೋ ಮನೆಯಲ್ಲಿ ಕೊಂಕಣಿಯನ್ನೂ, ತೋಟದ ಆಳುಗಳೊಡನೆ ತುಳುವನ್ನೂ, ಪೇಟೆಯಲ್ಲಿ ಕನ್ನಡವನ್ನೂ ಆಡುವ ಜನ. ಅವರ ಕೊಂಕಣಿಯ ಲಿಪಿ ಸಹ ಕನ್ನಡವೇ. ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ 1938ರಲ್ಲಿ ಆರಂಭವಾದದ್ದು ಆ ಲಿಪಿಯಲ್ಲಿಯೇ.

ಹೆಸರು ಮಾತ್ರ ಎಲ್ಲಿಯದು?

ಮಲೆನಾಡಿನಲ್ಲಿ ಹೆಸರಿನ ಮುಂದೆ ಊರನ್ನು ಕಟ್ಟಿಕೊಂಡು ನಡೆಯುವುದು ವಾಡಿಕೆ. ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಪುಟ್ಟಪ್ಪನವರ ‘ಕು’ ಎಂಬ ಅಕ್ಷರದಲ್ಲಿ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯೂ, ‘ವೆಂ’ ಎಂಬುದರಲ್ಲಿ ತಂದೆ ವೆಂಕಟಪ್ಪನವರೂ ಅಡಗಿದ್ದಾರೆ. ಡಿಸೋಜ ಎಂಬ ಹೆಸರೂ ರಚನೆಯಲ್ಲಿ ಇದಕ್ಕಿಂತ ಬೇರೆಯಲ್ಲ. ಪೋರ್ತುಗೀಸ್ ಭಾಷೆಯಲ್ಲಿ ‘ದೆ’ ಎಂದರೆ ‘ಅಲ್ಲಿಯ’ ಎಂದರ್ಥ. ದೆ ಸೋಜ ಎಂದರೆ ಸೋಜದವನು. ಸೋಜ ಎಂಬುದು ಉತ್ತರ ಪೋರ್ತುಗಲ್ಲಿನ ಒಂದು ಸಣ್ಣ ನದಿ. ಬೆಟ್ಟಗುಡ್ಡಗಳ ನಡುವೆ ಹರಿದು, ಪೋರ್ಟೊ ನಗರಕ್ಕೆ ಸ್ವಲ್ಪ ಮೇಲೆ ಅದು ಡೌರೊ ನದಿಯನ್ನು ಕೂಡಿಕೊಳ್ಳುತ್ತದೆ. ಅದರ ಕಣಿವೆಯ ಒಡೆಯರಾಗಿದ್ದ ಪಾಳೆಯಗಾರರು ಮಧ್ಯಯುಗದಲ್ಲಿ ನದಿಯ ಹೆಸರನ್ನೇ ಮನೆತನಕ್ಕೆ ಇಟ್ಟುಕೊಂಡರು. ಹೀಗೆ ಭದ್ರೆಯ ದಡದಲ್ಲಿ ಕಾಫಿ ಬೆಳೆಯುವ ಒಬ್ಬ ಗೃಹಸ್ಥನು, ತಾನಾಗಲಿ ತನ್ನ ಹಿರಿಯರಾಗಲಿ ಕಾಣದ ಒಂದು ಹೊಳೆಯನ್ನು ಸಹಿಯಲ್ಲಿ ಹೊತ್ತುಕೊಂಡಿದ್ದಾನೆ.

ಉಳಿದ ಹೆಸರುಗಳೂ ಇಂಥವೇ. ಲೋಬೋ ಎಂದರೆ ತೋಳ. ಕುವೆಲ್ಲೊ ಎಂದು ಉಚ್ಚರಿಸುವ ಕೊಯೆಲ್ಹೊ ಎಂದರೆ ಮೊಲ. ಪೆರೇರ ಎಂದರೆ ಪೇರ್ ಹಣ್ಣಿನ ಮರ. ಕರ್ವಾಲೊ ಎಂದರೆ ಓಕ್ ಮರ. ಫೆರ್ನಾಂಡಿಸ್ ಎಂದರೆ ಫೆರ್ನಾಂಡೊ ಎಂಬವನ ಮಗ. ತೋಳ ಮೊಲಗಳನ್ನು ಕೇಳಿ ನಗುವವರು ಉತ್ತರ ಕರ್ನಾಟಕದ ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆತನಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಆ ನದಿಯ ಹೆಸರು ಹಡಗನ್ನೇರಿ ನಮ್ಮ ಕಡೆಗೆ ಬಂದ ಬಗೆಯೂ ಸ್ವಾರಸ್ಯವಾದುದು. 1510ರಲ್ಲಿ ಗೋವೆಯು ಪೋರ್ತುಗೀಸರ ವಶವಾಯಿತು. 1542ರ ಮೇ ತಿಂಗಳಲ್ಲಿ ಹೊಸ ಗವರ್ನರನನ್ನು ಹೊತ್ತ ಹಡಗು ಗೋವೆಗೆ ಬಂದಿತು. ಆತನ ಹೆಸರು ಮಾರ್ಟಿಂ ಅಫೊನ್ಸೊ ದೆ ಸೋಜ. ಅದೇ ಹಡಗಿನಲ್ಲಿದ್ದ ಇನ್ನೊಬ್ಬ ಪ್ರಯಾಣಿಕ ಪಾದ್ರಿ ಫ್ರಾನ್ಸಿಸ್ ಝೇವಿಯರ್. ಮುಂದಿನ ದಶಕಗಳಲ್ಲಿ ಗೋವೆಯ ಬಾರ್ದೇಸ್, ಸಾಷ್ಟಿ ಪ್ರಾಂತಗಳ ಹಳ್ಳಿಗಳು ತಂಡತಂಡವಾಗಿ ಮತಾಂತರಗೊಂಡವು. ಸ್ನಾನದೀಕ್ಷೆಯ ಕಾಲದಲ್ಲಿ ಹೊಸ ಕ್ರೈಸ್ತನಿಗೆ ದೀಕ್ಷೆ ಕೊಟ್ಟ ಪಾದ್ರಿಯ ಅಥವಾ ಸಾಕ್ಷಿಯಾಗಿ ನಿಂತ ಪೋರ್ತುಗೀಸ್ ಧರ್ಮಪಿತನ ಕುಲನಾಮವನ್ನೇ ಕೊಡುವ ಪದ್ಧತಿಯಿತ್ತು. ಬೆಳಿಗ್ಗೆ ಪ್ರಭು, ಪೈ, ಕಾಮತ್, ಶೆಣೈ ಆಗಿದ್ದವರು ಸಂಜೆಗೆ ಸೋಜ, ಪಿಂಟೋ ಆಗಿರುತ್ತಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಧರ್ಮಪಿತರು ಒದಗಿದರೆ ಅವರ ಕುಲನಾಮಗಳೂ ಬೇರೆಯಾಗಬಹುದಾಗಿತ್ತು. ಯಾವ ಸಂಬಂಧವೂ ಇಲ್ಲದ ಎರಡು ಮನೆಗಳವರು ಒಂದೇ ಕುಲನಾಮದವರಾಗಬಹುದಾಗಿತ್ತು.

ಆದುದರಿಂದ ಮೂಡಿಗೆರೆಯ ಡಿಸೋಜರೆಲ್ಲರೂ ಒಂದು ಬಳ್ಳಿಯ ಕಾಯಿಗಳಲ್ಲ. ಪೋರ್ತುಗಲ್ಲಿನ ಸೋಜರೊಡನೆ ಹೆಸರು ಒಂದಾದ ಮಾತ್ರಕ್ಕೆ ಅವರಿಗೆ ರಕ್ತಸಂಬಂಧ ಉಂಟಾಗುವುದಿಲ್ಲ. ಇದೇ ಹೆಸರು ಅದೇ ಶತಮಾನದಲ್ಲಿ ಪಶ್ಚಿಮಕ್ಕೂ ಸಾಗಿತು. 1549ರಲ್ಲಿ ಬ್ರೆಜಿಲಿನ ಮೊದಲ ಗವರ್ನರ್ ಜನರಲ್ ಆಗಿ ಹೋದವನು ಟೊಮೆ ದೆ ಸೋಜ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಆ ದೇಶದಲ್ಲಿಯೂ ಸೋಜರು ಲೆಕ್ಕವಿಲ್ಲದಷ್ಟು ಜನ.

ಕುಲನಾಮವೆಂದರೆ ವಂಶವೇ ಎಂದು ನಂಬಿರುವವರಿಗೆ ಇದು ವಿಚಿತ್ರವಾಗಿ ತೋರೀತು. ಐರ್ಲೆಂಡಿನವರ ಕಥೆಯೊಡನೆ ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. ಅಲ್ಲಿ ಹೆಸರಿನ ಮುಂದಿನ ‘ಓ’ ಎಂದರೆ ಇಂಥವನ ಸಂತತಿ, ‘ಮ್ಯಾಕ್’ ಎಂದರೆ ಇಂಥವನ ಮಗ. ಇಂಗ್ಲಿಷರ ಆಳಿಕೆಯಲ್ಲಿ ಎಷ್ಟೋ ಮನೆತನಗಳ ‘ಓ’ ಉದುರಿಹೋಯಿತು. ಗುಮಾಸ್ತರ ಕಿವಿಗೆ ಕೇಳಿಸಿದಂತೆ ಅಕ್ಷರಗಳು ಬದಲಾದವು. 1845ರಿಂದ ಬಂದ ಆಲೂಗಡ್ಡೆಯ ಕ್ಷಾಮದಲ್ಲಿ ಲಕ್ಷಾಂತರ ಜನರೊಡನೆ ಆ ಹೆಸರುಗಳು ಅಮೇರಿಕೆಯನ್ನು ಸೇರಿದವು. ಅಷ್ಟಾದರೂ ಸವೆದುಹೋದ ಹೆಸರಿನ ಒಳಗೆ ಹಳೆಯ ಹೆಸರೇ ಇರುತ್ತಿತ್ತು. ಗೋವೆಯಲ್ಲಿ ಹಾಗಲ್ಲ, ಹಳೆಯದನ್ನು ತೆಗೆದಿಟ್ಟು ಬೇರೊಂದನ್ನು ಕೊಟ್ಟರು.

ಆ ಹೊಸ ಹೆಸರೂ ಗೋವೆಯಲ್ಲಿ ನೆಮ್ಮದಿಯಾಗಿ ಕೂರಲಿಲ್ಲ. 1560ರಲ್ಲಿ ಅಲ್ಲಿ ಇನ್‌ಕ್ವಿಜಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ಕ್ರೈಸ್ತರಾದ ಮೇಲೂ ಹಳೆಯ ಹಾಡು, ಉಡುಗೆ, ಮದುವೆಯ ಶಾಸ್ತ್ರಗಳನ್ನು ಬಿಡದವರ ಮೇಲೆ ಅದರ ಕಣ್ಣು. ಅದರ ಜೊತೆಗೆ ಯುದ್ಧಗಳು ಬಂದವು. 1683ರಲ್ಲಿ ಸಂಭಾಜಿಯ ಮರಾಠಾ ಸೈನ್ಯ ಬಾರ್ದೇಸ್, ಸಾಷ್ಟಿಗಳ ಮೇಲೆ ನುಗ್ಗಿತು. ಕುಟುಂಬಗಳು ದಕ್ಷಿಣಕ್ಕೆ ಸರಿದು ತುಳುನಾಡಿಗೆ ಬಂದವು. ಕೆಳದಿಯ ಅರಸರಿಗೆ ಗದ್ದೆ ಮಾಡಬಲ್ಲ ಜನ ಬೇಕಾಗಿತ್ತು. ಬಂದವರಿಗೆ ನೆಲ ಸಿಕ್ಕಿತು. ಮಂಗಳೂರಿನ ಮಿಲಾಗ್ರೆಸ್ ಇಗರ್ಜಿ 1680ರಲ್ಲಿ ಕಟ್ಟಿದ್ದು. ಇಗರ್ಜಿ ಎಂಬುದೇ ಪೋರ್ತುಗೀಸ್ ಮಾತು. ಪಾದ್ರಿ, ಮೇಜು, ಚಾವಿ, ಪಗಾರ ಎಂಬವೂ ಅದೇ ಭಾಷೆಯಿಂದ ಬಂದವು. ಅವುಗಳ ಕುಲವನ್ನು ಈಗ ಯಾರೂ ಕೇಳುವುದಿಲ್ಲ.

ಈ ಜನ ಮೊದಲ ಬಾರಿ ಗುಂಪಾಗಿ ಘಟ್ಟವನ್ನು ಹತ್ತಿದ್ದು ಕಾಫಿಗಾಗಿ ಅಲ್ಲ, ಸೆರೆಯಾಳುಗಳಾಗಿ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪೂ ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಮುದುಕರು, ಹಸುಳೆಗಳು, ಬಸುರಿಯರು ಎನ್ನದೆ ಎಲ್ಲರೂ ಕಾಲ್ನಡೆಯಲ್ಲಿ ಹೋಗಬೇಕಾಯಿತು. ದಾರಿಯಲ್ಲಿ ಬಿದ್ದವರು ಬಹಳ. ಮಿಲಾಗ್ರೆಸ್ ಇಗರ್ಜಿಯನ್ನೂ ಆಗ ಕೆಡವಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಘಟ್ಟ ಇಳಿದು ಬಂದರು. ಹದಿನೈದು ವರ್ಷಗಳಲ್ಲಿ ಮಕ್ಕಳಿಗೆ ಬೇರೆ ಹೆಸರು, ಬೇರೆ ಧರ್ಮ ಬಂದಿದ್ದ ಮನೆಗಳುಂಟು. ಹಾಗಿದ್ದೂ ಅವರು ಮರಳಿ ಹಿಡಿದುಕೊಂಡದ್ದು ಈ ಸೋಜ, ಪಿಂಟೋ, ಲೋಬೋಗಳನ್ನೇ. ಎರವಲು ತಂದ ಹೆಸರಿಗೆ ಈ ಜನ ಅಷ್ಟು ಬೆಲೆ ತೆತ್ತಿದ್ದರು. ಇನ್ನು ಅದನ್ನು ಪರಕೀಯವೆಂದು ಕರೆಯುವುದು ನ್ಯಾಯವಲ್ಲ.

ಎರಡನೆಯ ಬಾರಿ ಅವರನ್ನು ಘಟ್ಟ ಹತ್ತಿಸಿದ್ದು ಕಾಫಿ. ಅದೂ ವಲಸೆ ಬಂದದ್ದೇ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟನೆಂಬುದು ನಾಡಿನ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ದೊರೆಗಳು ತೋಟಗಳನ್ನು ವಿಸ್ತರಿಸಿದರು. ಬಾಬಾ ಬುಡನ್‌ಗಿರಿಯ ದಕ್ಷಿಣದ ಎತ್ತರದಲ್ಲಿ ಮೊದಲಿಗೆ ವ್ಯವಸ್ಥಿತವಾಗಿ ತೋಟ ಮಾಡಿದವನು ಕ್ಯಾನನ್ ಎಂಬವನು. ಈ ಕ್ಯಾನನ್ ಎಂಬ ಹೆಸರಿಗೂ ಎರಡು ಬೇರುಗಳುಂಟು: ಐರ್ಲೆಂಡಿನ ಡೊನೆಗಾಲ್ ಪ್ರಾಂತದಲ್ಲಿ ಅದು ಹಳೆಯ ಅರಸು ಮನೆತನವೊಂದರ ಹೆಸರಿನ ಇಂಗ್ಲಿಷ್ ರೂಪ, ಇಂಗ್ಲೆಂಡಿನಲ್ಲಿ ಚರ್ಚಿನ ಅಧಿಕಾರಿಯೊಬ್ಬನ ಪದವಿ. ಹೆಸರಿನ ಬೋರ್ಡು ನೋಡಿ ಮನೆಯನ್ನು ಹೇಳುವುದು ಎಲ್ಲಿಯೂ ಸುಲಭವಲ್ಲ.

ದೊರೆಗಳ ತೋಟಗಳಿಗೆ ಆಳುಗಳು ಬರುತ್ತಿದ್ದದ್ದು ಹೆಚ್ಚಾಗಿ ದಕ್ಷಿಣ ಕನ್ನಡದಿಂದ. ಘಟ್ಟದಿಂದಿಳಿದ ಕಾಫಿ ಹದವಾಗಿ ಹಡಗೇರುತ್ತಿದ್ದದ್ದು ಮಂಗಳೂರಿನಿಂದ. ಇಂಗ್ಲಿಷ್ ಓದುಬರಹ ಬಲ್ಲ, ತುಳು ಕನ್ನಡಗಳೆರಡನ್ನೂ ಆಡಬಲ್ಲ ಮಂಗಳೂರಿನ ಕ್ರೈಸ್ತರಿಗೆ ಈ ನಡುವೆ ಕೆಲಸ ಬೇಕಾದಷ್ಟಿತ್ತು. ಕೆಲವರು ರೈಟರುಗಳಾಗಿ, ಮೇಸ್ತ್ರಿಗಳಾಗಿ, ಬಡಗಿಗಳಾಗಿ ಬಂದರು. ಕೆಲವರು ಹಣವಿಟ್ಟು ತೋಟಗಳನ್ನೇ ಕೊಂಡರು. 1947ರ ಬಳಿಕ ದೊರೆಗಳು ಒಬ್ಬೊಬ್ಬರಾಗಿ ಮಾರಿ ಹೋದಾಗ ಕೊಂಡವರಲ್ಲಿಯೂ ಈ ಹೆಸರಿನವರಿದ್ದರು. 1963ರಲ್ಲಿ ಚಿಕ್ಕಮಗಳೂರನ್ನು ಮೈಸೂರಿನಿಂದ ಬೇರ್ಪಡಿಸಿ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತವನ್ನಾಗಿ ಮಾಡಬೇಕಾಯಿತು.

ಹೋದ ದೊರೆಗಳಲ್ಲಿ ಒಬ್ಬನ ಹೆಸರು ಮಾತ್ರ ವಿಚಿತ್ರವಾಗಿ ಉಳಿದಿದೆ. ದೊಡ್ಡೇನಗುಡ್ಡ ತೋಟದ ಎಲ್. ಪಿ. ಕೆಂಟ್ ಎಂಬವನು 1911ರ ಸುಮಾರಿಗೆ ಎಲೆಯ ತುಕ್ಕುರೋಗಕ್ಕೆ ಬಗ್ಗದ ಗಿಡವೊಂದನ್ನು ಗುರುತಿಸಿ ಬೀಜ ಮಾಡಿದನು. ಅದೇ ಕೆಂಟ್ಸ್ ತಳಿ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರದವರು ಮುಂದೆ ರೂಪಿಸಿದ ಎಸ್. 795 ತಳಿಯಲ್ಲಿಯೂ ಕೆಂಟ್ಸ್‌ನ ಅಂಶವುಂಟು. ಮಕ್ಕಳಿಗಲ್ಲದೆ ಗಿಡಕ್ಕೆ ಕುಲನಾಮವನ್ನು ಬಿಟ್ಟುಹೋದವನು ಅವನು.

ಡಿಸೋಜರ ಹಳೆಯ ಹೆಸರು ಏನಾಯಿತು? ಕೆಲವು ಮನೆಗಳಲ್ಲಿ ಅದು ಅಜ್ಜಿಯರ ಬಾಯಲ್ಲಿ ಉಳಿದಿತ್ತು. ಮದುವೆಯ ಮಾತುಕತೆಯ ವೇಳೆ ಮೂಲದ ಜಾತಿಯೊಡನೆ ಅದೂ ಹೊರಗೆ ಬರುತ್ತಿತ್ತು. ಈಚೆಗೆ ಕೆಲವರು ಅದನ್ನು ಬಹಿರಂಗವಾಗಿಯೇ ಸೇರಿಸಿಕೊಂಡಿದ್ದಾರೆ; ಮಂಗಳೂರು ಕ್ರೈಸ್ತರ ಇತಿಹಾಸವನ್ನು 1999ರಲ್ಲಿ ಪ್ರಕಟಿಸಿದ ಅಲನ್ ಮಚಾದೊ ಪ್ರಭು ಅವರ ಹೆಸರಿನಲ್ಲಿ ಎರಡೂ ಒಟ್ಟಿಗೆ ಇವೆ. ಆದರೆ ಅದನ್ನು ಎಲ್ಲರಿಗಿಂತ ಭದ್ರವಾಗಿ ಕಾಪಾಡಿದವರು ಅವರ ನೆರೆಯವರು. ತುಳುವರು ಕ್ರೈಸ್ತರನ್ನು ಕರೆಯುವುದು ಪೊರ್ಬುಲು ಎಂದು. ಅದು ಪ್ರಭು ಎಂಬುದರ ತುಳು ಉಚ್ಚಾರ. ಮನೆಯ ಹೆಂಗಸರು ಬಾಯಮ್ಮಂದಿರು. ಗೋವೆಯಲ್ಲಿ ಪ್ರಭುಗಳಾಗಿದ್ದವರು ಕೆಲವರೇ. ಒಕ್ಕಲಿಗರೂ ಕುಶಲಕರ್ಮಿಗಳೂ ಆಗಿದ್ದವರು ಹಲವರು. ಕ್ರೈಸ್ತರು ತಮ್ಮೊಳಗೆ ಬಹುಕಾಲ ಬಿಡದೆ ಇಟ್ಟುಕೊಂಡ ಆ ಮೇಲುಕೀಳನ್ನು ತುಳುವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೋಟದ ಒಡೆಯನಾದ ಸೋಜನೂ ಪೊರ್ಬು, ಅವನ ತೋಟದ ಬಡಗಿ ಸೋಜನೂ ಪೊರ್ಬು. ಆಳುಗಳ ಜೊತೆಯಲ್ಲಿ ಆ ಮಾತೂ ಘಟ್ಟವನ್ನು ಹತ್ತಿ ಬಂದಿದೆ.