ಬಣವೆಯ ಸೀಮೆಯಿಂದ ಕಾವಲಿಗೆ

"ಹುಲ್ಲು ನೋಡೋಕೆ ಅಜ್ಜಂಪುರದವರೆಗೂ ಹೋಗ್ಬೇಕಾ? ನಮ್ಮ ಗದ್ದೇಲಿ ಇರೋದು ಸಾಲ್ದಾ?" ಶಿವಮೊಗ್ಗದಲ್ಲಿ ಬಸ್ಸು ಹತ್ತುವಾಗಲೇ ಭದ್ರಾವತಿಯ ಭಾವ ಕೆಣಕಿದರು. ಬರುವುದಿಲ್ಲವೆಂದವರು ಪಂಚೆ ಉಟ್ಟುಕೊಂಡು ಬಂದೂ ಬಿಟ್ಟಿದ್ದರು.

ಅವರ ಮಾತು ಸುಳ್ಳಲ್ಲ. ನವೆಂಬರ್ ತಿಂಗಳು, ಭದ್ರಾ ನಾಲೆಯ ಬಯಲಲ್ಲಿ ಕೊಯ್ಲು. ಯಂತ್ರ ಸುತ್ತಿಟ್ಟ ಹುಲ್ಲಿನ ಉರುಳೆಗಳು ಗದ್ದೆ ತುಂಬ. ಭದ್ರಾವತಿ ದಾಟಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದರ ಹಿಂದೆ ನಮ್ಮ ಬಸ್ಸು ಕಾಲು ಗಂಟೆ ತೆವಳಿತು. ಆದರೆ ಈ ರಾಶಿಯಲ್ಲಿ ಪ್ರೋಟೀನು ನೂರಕ್ಕೆ ಮೂರೋ ನಾಲ್ಕೋ ಪಾಲು. ದನದ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸುಮಾರು 7 ಪಾಲಾದರೂ ಬೇಕು. ಇಲ್ಲದಿದ್ದರೆ ಅವು ಸೊರಗುತ್ತವೆ, ತಿಂದದ್ದು ಹೊಟ್ಟೆಯಲ್ಲೇ ಕೂರುತ್ತದೆ, ದನ ಮೇವು ಬಿಡುತ್ತದೆ. ಹಿಂಡಿ, ಹಸಿಮೇವು ಕಾಣದೆ ಬಣವೆ ಮುಂದೆಯೇ ದನ ಬಡಕಲಾಗುವುದು ಹೀಗೆ.

ತರೀಕೆರೆಯಲ್ಲಿ ಬಸ್ಸು ಬದಲಿಸಿದೆವು. ಅಜ್ಜಂಪುರದ ಆಚೆ ಕಾವಲು, ಅಂದರೆ ದನಗಳಿಗೆ ಮೀಸಲಿಟ್ಟ ಹುಲ್ಲಿನ ಬಯಲು, ಬಿಚ್ಚಿಕೊಂಡಿತು. ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ 1929ರಿಂದ ಇರುವುದು ಇಲ್ಲೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೆಸರಲ್ಲಿ ಬೆಣ್ಣೆ, ಅಮೃತ. ದನಗಳು ಹೆಸರು ಮಾಡಿದ್ದು ಮಾತ್ರ ಫಿರಂಗಿ ಎಳೆದು!

ಹಾದಿ ಬದಿಯ ಹುಲ್ಲು ಮೊಣಕಾಲೆತ್ತರ, ತಾಮ್ರದ ಬಣ್ಣ. ಸಸ್ಯಶಾಸ್ತ್ರದವರು ಹೆಟೆರೊಪೋಗಾನ್ ಕಂಟಾರ್ಟಸ್ ಎನ್ನುವ ಸೂಜಿಹುಲ್ಲು. ಒಂದು ಬೀಜ ಕಿತ್ತೆ. ತುದಿಯಲ್ಲಿ ಸೂಜಿ, ಹಿಂದೆ ಹುರಿಗೊಳಿಸಿದ ಕರಿ ಬಾಲ. ಅಂಗೈಯಲ್ಲಿಟ್ಟು ಎಂಜಲು ಹಚ್ಚಿದೆ. ಬಾಲ ಮೆಲ್ಲಗೆ ತಿರುಗತೊಡಗಿತು, ಗಡಿಯಾರದ ಮುಳ್ಳಿನಂತೆ. ಒದ್ದೆಯಾದಾಗ ಹುರಿ ಬಿಚ್ಚುತ್ತ, ಒಣಗಿದಾಗ ಮತ್ತೆ ಸುತ್ತುತ್ತ ಬೀಜ ತನ್ನನ್ನೇ ಮಣ್ಣಿಗೆ ತಿರುಪಿಕೊಳ್ಳುತ್ತದೆ. ಭಾವ ನಾಲ್ಕು ಬಾರಿ ಮಾಡಿಸಿ ನೋಡಿದರು.

"ಈಗ ಬಂದ್ರೆ ಏನೈತೆ ಸ್ವಾಮಿ," ಎಂದರು ದನ ಹೊಡೆದುಕೊಂಡು ಬಂದ ಅಜ್ಜ. "ಮಳೇಲಿ ಎಳೇದಿದ್ದಾಗ ಬುಡಕ್ಕೆ ಮೇಯ್ತವೆ. ಮುಳ್ಳಾದ್ಮೇಲೆ ಬಾಯೇ ಹಾಕಲ್ಲ."

ಒಣಸೀಮೆಯ ಹುಲ್ಲಿನ ಲೆಕ್ಕವೇ ಅದು. ಹೂ ಬಿಡುವ ಮುಂಚೆ ಕೊಯ್ದರೆ ತೂಕ ಕಡಿಮೆ, ಸತ್ವ ಹೆಚ್ಚು. ಬಲಿಯಲೆಂದು ಕಾದರೆ ಕೈಗೆ ಬರುವುದು ಬರೀ ನಾರು. ಹಿಂದಿನವರು ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ವಿಂಗಡಿಸಿ, ಋತು ನೋಡಿ ದನ ಹೊಡೆಯುತ್ತಿದ್ದರು. ಈಗ ಹಾಗೆ ಹೊಡೆಯಲು ಜಾಗವೆಲ್ಲಿ? ಚಳ್ಳಕೆರೆ ಕಡೆಯ ಕಾವಲಿನ ದೊಡ್ಡ ಪಾಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಸಂಶೋಧನೆ ಬೇಕು, ಒಪ್ಪಿದೆ. ಆದರೆ ಹುಲ್ಲುಗಾವಲನ್ನು ಪಾಳು ಜಮೀನೆಂದು ಬರೆಯುವ ಕೈಗೆ ನನ್ನ ಸಹಿ ಇಲ್ಲ.

ವಾಪಸಾಗುವಾಗ ಕತ್ತಲು. ತರೀಕೆರೆಯಿಂದ ಭದ್ರಾವತಿವರೆಗೂ ಭಾವ ಪಂಚೆಯಂಚಿನಿಂದ ಒಂದೊಂದೇ ಬೀಜ ಕೀಳುತ್ತ ಕೂತರು. ಕಿತ್ತದ್ದನ್ನು ಎಸೆಯಲಿಲ್ಲ. ಟಿಕೆಟ್ಟಿನಲ್ಲಿ ಮಡಿಸಿ ಜೇಬಿಗಿಟ್ಟುಕೊಂಡು, "ಮಕ್ಕಳಿಗೆ ನೀರು ಹಾಕಿ ತೋರಿಸ್ಬೇಕು," ಎಂದರು.