ನೊಗದ ಹಗ್ಗ ಮತ್ತು ಮೊಮೆಂಟ್

ನಮ್ಮ ಕಡೆಯ ಹಳ್ಳಿಗಳಿಂದ ಇಂಜಿನಿಯರಿಂಗ್ ಓದಲು ಬಂದ ಮೊದಲ ತಲೆಮಾರಿನವರಲ್ಲಿ ನಾನೂ ಒಬ್ಬ. ಮಾನ್ವಿ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಬಳಿಕ ಸಿಇಟಿಯಲ್ಲಿ ಸೀಟು ಹಿಡಿದು 2001ರಲ್ಲಿ ರಾಯಚೂರಿಗೆ ಬಂದೆ. ನಮ್ಮ ಹಿರಿಯರ ಕಾಲಕ್ಕೆ ಈ ಭಾಗದವರಿಗೆ ಇಂಜಿನಿಯರಿಂಗ್ ಎಂದರೆ ಕಲಬುರಗಿಯ ಪಿಡಿಎ ಕಾಲೇಜು, 1958ರಲ್ಲಿ ಶುರುವಾದದ್ದು. ನಮ್ಮ ಹೊತ್ತಿಗೆ ರಾಯಚೂರಿನಲ್ಲೇ ಕಾಲೇಜುಗಳಿದ್ದವು. ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಕಾಲೇಜುಗಳು 1998ರಲ್ಲಿ ಬೆಳಗಾವಿಯ ವಿಟಿಯು ತೆಕ್ಕೆಗೆ ಬಂದವು. ಅಲ್ಲಿಂದ ಬೆಂಗಳೂರಿನ ಹುಡುಗನಿಗೂ ದೇವದುರ್ಗದ ಹುಡುಗನಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಅದು ನ್ಯಾಯವೇ. ಆದರೆ ಆ ಪತ್ರಿಕೆಯ ಮುಂದೆ ಕೂರುವತನಕ ಇಬ್ಬರೂ ನಡೆದು ಬಂದ ದಾರಿ ಒಂದೇ ಆಗಿರಲಿಲ್ಲ.

ನಮ್ಮನ್ನು ಕಾಡುತ್ತಿದ್ದದ್ದು ನಾಲ್ಕು ಎಂಬ ಅಂಕಿ. ವರ್ಷದ ಕೊನೆಗೆ ನಾಲ್ಕಕ್ಕಿಂತ ಹೆಚ್ಚು ವಿಷಯ ಉಳಿದರೆ ಇಯರ್ ಬ್ಯಾಕ್, ಅಂದರೆ ಮುಂದಿನ ವರ್ಷಕ್ಕೆ ಹೋಗದೆ ಅಲ್ಲೇ ನಿಲ್ಲಬೇಕು. ಮೊದಲ ವರ್ಷದ್ದೆಲ್ಲ ಪಾಸಾಗದೆ ಮೂರನೇ ವರ್ಷಕ್ಕೆ ಪ್ರವೇಶವಿಲ್ಲ. ಎಂ-ಒನ್, ಎಂ-ಟು ಎಂಬ ಗಣಿತ, ಡ್ರಾಯಿಂಗ್, ಮೆಕ್ಯಾನಿಕ್ಸ್ ಈ ಜರಡಿಯಲ್ಲಿ ಎಷ್ಟೋ ಜನರನ್ನು ಹಿಡಿದು ನಿಲ್ಲಿಸಿದವು. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದವರು ಇಲ್ಲಿ ಮೂವತ್ತೈದಕ್ಕೆ ತಿಣುಕಾಡಿದರು. ಲೆಕ್ಕ ಬರುತ್ತಿತ್ತು, ಲೆಕ್ಕ ಏನು ಕೇಳುತ್ತಿದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ತರಗತಿಯಲ್ಲಿ ಕೈಯೆತ್ತಿ ಕೇಳಲು ಇಂಗ್ಲಿಷ್ ಬೇಕು. ಕೇಳದೆ ಕೂತರೆ ಪಾಠ ಮುಂದೆ ಹೋಗಿಬಿಡುತ್ತದೆ.

ಊಟದ ಚಿಂತೆಯನ್ನು ಊರಿನವರು ನೋಡಿಕೊಂಡರು. ಗಬ್ಬೂರು ದಾರಿಯಿಂದ ಬರುವ ದೇವದುರ್ಗದ ಬಸ್ಸಿನಲ್ಲಿ, ನೀರಮಾನ್ವಿ ದಾಟಿ ಬರುವ ಮಾನ್ವಿ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಕಂಡಕ್ಟರ್ ಅಣ್ಣಂದಿರಿಗೆ ಯಾವ ಗಂಟು ಯಾರದೆಂದು ಬಾಯಿಪಾಠವಾಗಿತ್ತು. ಬೇಸಿಗೆಯಲ್ಲಿ ಪತ್ರಾಸಿನ ಖೋಲಿ ಕಾದ ಹಂಚಾಗುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿಯೂ ಕರೆಂಟು ಹೋಗುತ್ತಿತ್ತು. ನಾಡಿಗೆಲ್ಲ ವಿದ್ಯುತ್ ಕೊಡುವ ಶಕ್ತಿನಗರದ ಸ್ಥಾವರ ನಮ್ಮ ಹತ್ತಿರದಲ್ಲೇ 1985ರಿಂದ ಉರಿಯುತ್ತಿತ್ತು ಎನ್ನುವುದು ಆಗ ತುಂಬ ನೋಯಿಸುತ್ತಿತ್ತು.

ನನ್ನನ್ನು ದಡ ಮುಟ್ಟಿಸಿದವರು ದೇವದುರ್ಗ ತಾಲ್ಲೂಕಿನ ಒಬ್ಬ ಸೀನಿಯರ್. ಅವರ ಅಪ್ಪ-ಅವ್ವ ಬೇಸಿಗೆ ಬಂದರೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುತ್ತಿದ್ದರು. ಅವರಿಗೂ ಒಂದು ವರ್ಷ ಇಯರ್ ಬ್ಯಾಕ್ ಆಗಿತ್ತು. ಆ ವರ್ಷ ಊರಿಗೆ ಹೋಗಿ ಕೂರದೆ, ಖೋಲಿಯಲ್ಲೇ ಉಳಿದು ಜೂನಿಯರ್‌ಗಳಿಗೆ ಪಾಠ ಹೇಳಿದರು. ಮೆಕ್ಯಾನಿಕ್ಸ್‌ನ ಮೊಮೆಂಟ್ ನನಗೆ ತಿಳಿಯದೆ ಕೂತಾಗ ಅವರು ಪುಸ್ತಕ ಮುಚ್ಚಿಟ್ಟರು.

“ತಮ್ಮಾ, ಜೋಡಿಯೊಳಗ ಒಂದೆತ್ತು ಸೊರಗಿದ್ರ ನಿಮ್ಮಪ್ಪ ನೊಗದ ಹಗ್ಗ ಯಾವ ಕಡಿಗಿ ಸರಸ್ತಾನ?”

“ಗಟ್ಟಿ ಎತ್ತಿನ ಕಡಿಗಿ, ಅಣ್ಣಾ.”

“ಯಾಕ?”

“ಭಾರ ಅದರ ಮ್ಯಾಲೆ ಹೆಚ್ಚು ಬೀಳ್ಲಿ ಅಂತ.”

“ಮತ್ತ, ದೂರ ಹೆಚ್ಚಾದ ಕಡೆ ಭಾರ ಕಡಿಮಿ, ದೂರ ಕಡಿಮಿಯಾದ ಕಡೆ ಭಾರ ಹೆಚ್ಚು. ನಿಮ್ಮಪ್ಪಗ ಗೊತ್ತಿದ್ದದ್ದನ್ನ ಇಲ್ಲಿ ಅಂಕಿಯೊಳಗ ಬರದಾರ, ಅಷ್ಟ.”

ಆ ರಾತ್ರಿ ಅಧ್ಯಾಯದ ಲೆಕ್ಕಗಳನ್ನೆಲ್ಲ ಮಾಡಿದೆ. ನನಗೆ ತಿಳಿದದ್ದು ಮೊಮೆಂಟ್ ಮಾತ್ರವಲ್ಲ. ನಮ್ಮ ಹೊಲದಲ್ಲೂ ಈ ವಿದ್ಯೆ ಇತ್ತು, ನಾವು ಪರರ ಮನೆಗೆ ಬಂದಿಲ್ಲ ಎನ್ನುವ ಧೈರ್ಯವೂ ಬಂತು.

ಆಮೇಲೆ ಎಲ್ಲವೂ ಬೇಗ ಬದಲಾಯಿತು. ಡ್ರಾಫ್ಟರ್ ಹಿಡಿದು ಹಾಳೆಯ ಮೇಲೆ ಎಳೆಯುತ್ತಿದ್ದ ಗೆರೆಗಳು ಕಂಪ್ಯೂಟರಿಗೆ ಹೋದವು. ಝೆರಾಕ್ಸ್ ಅಂಗಡಿಯ ನೋಟ್ಸ್ ಮೊಬೈಲಿಗೆ ಬಂದವು. ಊರೂ ಬದಲಾಯಿತು. ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ವರದಿ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತ್ತು. 2007ರಲ್ಲಿ ರಾಯಚೂರಿನ ಯರಮರಸಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂತು. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ, ಈ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ನಮ್ಮ ಮಕ್ಕಳಿಗೆ ಮೀಸಲಾದವು. ಐಐಟಿಗಾಗಿ ರಾಯಚೂರು ಬೀದಿಗಿಳಿದಿತ್ತು; ಅದು 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ನಮಗೆ 2019ರಲ್ಲಿ ಐಐಐಟಿ ಸಿಕ್ಕಿತು. ಮೊದಲು ಐಐಟಿ ಹೈದರಾಬಾದಿನ ನೆರಳಲ್ಲಿ ಪಾಠ ನಡೆದು, ಬಳಿಕ ಯರಮರಸಿಗೆ ಬಂತು. ಜೆಇಇ ರ್‍ಯಾಂಕಿನ ಮೇಲೆ ದೇಶದ ಮೂಲೆಮೂಲೆಯ ಹುಡುಗರು ಇಂದು ರಾಯಚೂರಿಗೆ ಬಂದು ಓದುತ್ತಾರೆ. ಅವರನ್ನು ಕಂಡಾಗ ನಿಜಕ್ಕೂ ಹೆಮ್ಮೆಯಾಗುತ್ತದೆ.

ನಾನೀಗ ಇದೇ ಭಾಗದಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತೇನೆ. ಸೀಟು ಸಿಕ್ಕ ಹಳ್ಳಿಯ ಹುಡುಗ ಹುಡುಗಿಯರು ಮೊದಲ ಸೆಮಿಸ್ಟರಿನಲ್ಲಿ ನಾನು ಕೂತಂತೆಯೇ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಾರೆ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಪೂರ್ತಿ ಕನ್ನಡದಲ್ಲಿ ಓದಿದರೆ ನೌಕರಿ ಸಿಗುತ್ತದೋ ಇಲ್ಲವೋ ಎಂದು ತಂದೆ ತಾಯಿ ಹೆದರುತ್ತಾರೆ, ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ. ಆದರೆ ಮೊದಲ ವರ್ಷವಾದರೂ ದಿನಕ್ಕೊಂದು ತಾಸು, ಮಕ್ಕಳು ತಮ್ಮ ಮಾತಿನಲ್ಲಿ ಕೇಳಿ ತಮ್ಮ ಮಾತಿನಲ್ಲಿ ಉತ್ತರ ಪಡೆಯುವ ತರಗತಿ ಪ್ರತಿ ಕಾಲೇಜಿನಲ್ಲೂ ಇರಬೇಕು. ಅದನ್ನು ನಡೆಸುವ ಸೀನಿಯರ್‌ಗಳಿಗೆ ಒಂದಿಷ್ಟು ಸಂಭಾವನೆ ಸಿಗಬೇಕು. ಆ ಖೋಲಿಯಲ್ಲಿ ಒಬ್ಬರು ಪುಕ್ಕಟೆಯಾಗಿ ಮಾಡಿದ್ದನ್ನು ಇಷ್ಟು ದೊಡ್ಡ ಸಂಸ್ಥೆಗಳು ಮಾಡಬಲ್ಲವು. ಸೀಟು ಕೊಡಿಸಲು ಸಂವಿಧಾನವನ್ನೇ ತಿದ್ದಿದ್ದೇವೆ. ಸೀಟು ಹಿಡಿದು ಬಂದ ಮಗು ಎರಡನೇ ವರ್ಷಕ್ಕೆ ಊರಿಗೆ ವಾಪಸಾಗದಂತೆ ನೋಡಿಕೊಳ್ಳುವುದು ಕಲಿಸುವ ನಮ್ಮ ಕೆಲಸ.